ಚಿಂತನೆ, ಮನನ, ಧ್ಯಾನ: ಪದಗಳ ಆಯ್ಕೆ

(ಗಾರ್ಡನ್ ರೀಚ್‌ನ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ನೆಲೆಸಿರುವ ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ಆಗ್ನೇಯ ರೈಲ್ವೆಯ ಪ್ರಧಾನ ಕಚೇರಿಯಲ್ಲಿ ಹಿಂದಿ ಮತ್ತು ಇಂಗ್ಲಿಷ್. ಮೊದಲ ಮೂರು ಭಾಷೆಗಳಿಗೂ ಸಂಸ್ಕೃತದಿಂದ ಬಂದ ಪದಗಳು ಉಂಟು. ಆದರೆ ಅರ್ಥ ಒಂದೇ ಎಂದು ನಂಬಿದರೆ ಪೇಚಿಗೆ ಸಿಕ್ಕುತ್ತೇವೆ. ಕಡತದ ಮೇಲೆ ಹಿಂದಿಯಲ್ಲಿ ‘ವಿಚಾರಾಧೀನ’ ಎಂದಿದ್ದರೆ ವಿಷಯ ಪರಿಶೀಲನೆಯಲ್ಲಿದೆ ಎಂದು ತಿಳಿಯುತ್ತೇವೆ. ಅದೇ ಪದವನ್ನು ಬಂಗಾಳಿ ಪತ್ರಿಕೆಯಲ್ಲಿ ಕಂಡರೆ ಸಂಗತಿ ನ್ಯಾಯಾಲಯದ ಮುಂದಿದೆ ಎಂದರ್ಥ. ಕನ್ನಡದಲ್ಲಿಯಾದರೋ ‘ಏನು ವಿಚಾರ?’ ಎಂದು ಕುಶಲವನ್ನೇ ಕೇಳಬಹುದು!

ಇಂಗ್ಲಿಷಿಗೆ ಬಂದರೆ ತೊಡಕು ಬೇರೆ ಬಗೆಯದು. ಪಾಂಡರ್, ರಿಫ್ಲೆಕ್ಟ್, ರೂಮಿನೇಟ್, ಕಾಂಟೆಂಪ್ಲೇಟ್, ಮೆಡಿಟೇಟ್: ಮಕ್ಕಳು ಇವುಗಳ ಅರ್ಥ ಕೇಳಿದಾಗ ನಾವು ‘ಯೋಚಿಸು’ ಎಂಬ ಒಂದೇ ಉತ್ತರ ಕೊಟ್ಟು ಮುಗಿಸುತ್ತೇವೆ. ಹೀಗೆ ಮಾಡುವುದರಿಂದ ಇಂಗ್ಲಿಷಿಗೆ ನಷ್ಟವಿಲ್ಲ, ಶಾಲೆ ಅದನ್ನು ನೋಡಿಕೊಳ್ಳುತ್ತದೆ. ಬಡವಾಗುವುದು ಮಕ್ಕಳ ಕನ್ನಡ.

ಪಾಂಡರ್ ಎಂಬುದರ ಮೂಲದಲ್ಲಿ ತೂಕವೆಂಬ ಅರ್ಥದ ಲ್ಯಾಟಿನ್ ಪದವಿದೆ. ನಮ್ಮಲ್ಲಿ ‘ಅಳೆದು ತೂಗಿ ನೋಡು’ ಎಂಬ ಮಾತು ಸಿದ್ಧವಾಗಿಯೇ ಇದೆ. ರೂಮಿನೇಟ್ ಎಂದರೆ ಮೂಲತಃ ದನ ಮೆಲುಕು ಹಾಕುವುದು. ಆದ್ದರಿಂದ ‘ಮೆಲುಕು ಹಾಕು’ ಎಂದೇ ಅನುವಾದಿಸಲು ಮನಸ್ಸಾಗುತ್ತದೆ. ಆದರೆ ಕನ್ನಡಿಗರು ಮೆಲುಕು ಹಾಕುವುದು ಹೆಚ್ಚಾಗಿ ಸವಿನೆನಪುಗಳನ್ನು. ಇಂದಿನ ಮನಶ್ಶಾಸ್ತ್ರಜ್ಞರು ಆ ಪದದಿಂದ ಸೂಚಿಸುವುದು ಕಹಿಯನ್ನೇ ಮತ್ತೆ ಮತ್ತೆ ತಿರುವಿಹಾಕುವ ಮನಃಸ್ಥಿತಿಯನ್ನು. ಅದಕ್ಕೆ ‘ಕೊರಗು’ ಹೆಚ್ಚು ಹತ್ತಿರ. ರಿಫ್ಲೆಕ್ಟ್ ಎಂಬುದಕ್ಕೆ ‘ಪ್ರತಿಫಲಿಸು’ ಎಂದು ಬರೆಯುವವರಿದ್ದಾರೆ. ಕನ್ನಡಿಗೆ ಅದು ಸಲ್ಲುತ್ತದೆ, ಮನುಷ್ಯನಿಗೆ ‘ಅವಲೋಕಿಸು’ ಎಂದರೆ ಸಾಕು.

ಅತ್ಯಂತ ಎಚ್ಚರ ಬೇಡುವ ಪದ ಕಾಂಟೆಂಪ್ಲೇಟ್. ದೇವರ ವಿಷಯದಲ್ಲಿ ಅದು ಧ್ಯಾನವಾದೀತು. ಆದರೆ 1968ರ ರೈಲ್ವೆ ನೌಕರರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳನ್ನು ತೆರೆದು ನೋಡಿ. ಶಿಸ್ತುಕ್ರಮ ಬಾಕಿಯಿದ್ದಾಗ ಮಾತ್ರವಲ್ಲ, ‘ಕಾಂಟೆಂಪ್ಲೇಟ್’ ಆಗಿರುವಾಗಲೂ ನೌಕರನನ್ನು ಅಮಾನತಿನಲ್ಲಿಡಬಹುದು. ಅಂದರೆ ದೋಷಾರೋಪಪಟ್ಟಿ ಇನ್ನೂ ಕೈಸೇರಿಲ್ಲ, ಕ್ರಮ ಕೈಗೊಳ್ಳುವ ಉದ್ದೇಶವಷ್ಟೇ ಮೇಲಧಿಕಾರಿಗಳಲ್ಲಿದೆ. ಅಷ್ಟರಲ್ಲೇ ಪೂರ್ಣ ಸಂಬಳ ನಿಂತು ಜೀವನಾಧಾರ ಭತ್ಯೆಯ ಮೇಲೆ ಸಂಸಾರ ನಡೆಯಬೇಕು. ಈ ಪದವನ್ನು ‘ಯೋಚಿಸಲಾಗುತ್ತಿದೆ’ ಎಂದು ಅನುವಾದಿಸಿ ಹೇಳಿದರೆ, ಆದೇಶ ಹಿಡಿದು ನಿಂತ ಬಡ ಖಲಾಸಿ ‘ಇನ್ನೂ ಯೋಚನೆಯಲ್ಲಿದ್ದಾರಲ್ಲ’ ಎಂದು ಸಮಾಧಾನಪಟ್ಟು ಸುಮ್ಮನಾದಾನು. ‘ಉದ್ದೇಶಿಸಲಾಗಿದೆ’ ಎಂದರೆ ಆತ ಮೇಲ್ಮನವಿಯ ದಾರಿ ಹುಡುಕುತ್ತಾನೆ. ನ್ಯಾಯಾಲಯಗಳೂ ಅಧಿಕಾರಿ ‘ಮನಸ್ಸು ಹರಿಸದೆ’ ಹೊರಡಿಸಿದ ಆದೇಶವನ್ನು ರದ್ದುಪಡಿಸುತ್ತವೆ; ಅಲ್ಲಿ ಬೇಕಾದುದು ಧ್ಯಾನವೂ ಅಲ್ಲ, ಚಿಂತೆಯೂ ಅಲ್ಲ, ವಿವೇಚನೆ.

ನಮ್ಮ ಪೂರ್ವಿಕರಿಗೆ ಈ ಭೇದಗಳು ಅಪರಿಚಿತವಾಗಿರಲಿಲ್ಲ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಶ್ರವಣ, ಮನನ, ನಿದಿಧ್ಯಾಸನಗಳನ್ನು ಬೇರೆಬೇರೆಯಾಗಿಯೇ ಹೇಳುತ್ತಾನೆ. ಕೇಳಿದ್ದನ್ನು ತರ್ಕದಿಂದ ಪರೀಕ್ಷಿಸುವುದು ಮನನ. ಸಂಶಯ ತೀರಿದ ಮೇಲೆ ಅದರಲ್ಲಿಯೇ ನೆಲೆನಿಲ್ಲುವುದು ನಿದಿಧ್ಯಾಸನ. ಇಂದು ಬಾಯಿಪಾಠಕ್ಕೂ ‘ಮನನ’ ಎನ್ನುವವರುಂಟು. ಪ್ರಶ್ನಿಸುವ ಕ್ರಿಯೆಯ ಹೆಸರನ್ನು ಪ್ರಶ್ನಿಸದ ಕ್ರಿಯೆಗೆ ಕೊಡುವುದು ನನಗೆ ಸರಿಕಾಣದು. ಹಾಗೆಯೇ ‘ಚಿಂತೆ’, ‘ಚಿಂತನೆ’ಗಳು ಒಂದೇ ಧಾತುವಿನಿಂದ ಬಂದರೂ ಒಂದು ನಿದ್ದೆಗೆಡಿಸುತ್ತದೆ, ಇನ್ನೊಂದು ಗ್ರಂಥ ಬರೆಸುತ್ತದೆ. ಬಂಗಾಳಿಯ ‘ಚಿಂತಾ’ ಎರಡನ್ನೂ ಹೊರುತ್ತದೆ. ಇಲ್ಲಿ ಬೆಳೆದ ನಮ್ಮ ಮಕ್ಕಳು ಅಜ್ಜಿಗೆ ‘ನಿಮ್ಮ ಬಗ್ಗೆ ಚಿಂತನೆ ಮಾಡುತ್ತೇವೆ’ ಎಂದು ಪತ್ರ ಬರೆದರೆ ನಗಬೇಡಿ, ತಿದ್ದಿಕೊಡಿ.

ತಿದ್ದಲು ನಿಘಂಟೊಂದೇ ಸಾಲದು. ಮೈಸೂರಿನವರು ‘ಯೋಚನೆ ಮಾಡು’ ಎನ್ನುವಲ್ಲಿ ಧಾರವಾಡದವರು ‘ವಿಚಾರ ಮಾಡು’ ಎನ್ನುತ್ತಾರೆ; ಕುಂದಾಪುರದವರಿಗೆ ‘ಎಣಿಸು’ ಎಂದರೆ ಲೆಕ್ಕವಷ್ಟೇ ಅಲ್ಲ, ಭಾವಿಸುವುದೂ ಹೌದು. ಊರಿನಲ್ಲಿದ್ದರೆ ಒಬ್ಬರ ಮಾತು ಒಬ್ಬರ ಕಿವಿಗೆ ಅಪರೂಪವಾಗಿ ಬೀಳುತ್ತಿತ್ತೇನೋ. ಇಲ್ಲಿ ಎಲ್ಲರೂ ಒಂದೇ ಚಾವಣಿಯ ಕೆಳಗೆ ಕುಳಿತಿದ್ದೇವೆ. ಮುಂದಿನ ಕೂಟಕ್ಕೆ ಪ್ರತಿಯೊಂದು ಮನೆಯವರೂ ಮನಸ್ಸಿನ ಕೆಲಸವನ್ನು ಹೇಳುವ ತಮ್ಮೂರಿನ ಒಂದೊಂದು ಪದವನ್ನು, ಅದನ್ನು ಬಳಸುವ ಒಂದು ವಾಕ್ಯದೊಡನೆ, ಬರೆದು ತರಬೇಕೆಂದು ಕೋರುತ್ತೇನೆ.