ತಾತನ ರಿವಾಲ್ವರ್ ನನಗೆ ಬೇಕಾ?

ಇವತ್ತಿನ ಮಾತು ಹಳೇ ರಿವಾಲ್ವರ್ ಬಗ್ಗೆ. ಸಿರುಗುಪ್ಪ ತಾಲೂಕಿನ ದೇಶನೂರಿನಲ್ಲಿ ನಮ್ಮ ತಾತನ ಹತ್ರ ಒಂದಿದೆ. .32 ಬೋರ್, ಲೈಸೆನ್ಸ್ ಇರೋದು. ಆಯುಧ ಪೂಜೆಗೆ ಬೀರುವಿನಿಂದ ಹೊರಗೆ ಬರುತ್ತೆ, ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತೆ. ಎಲೆಕ್ಷನ್ ಬಂದ್ರೆ ಪೊಲೀಸ್ ಸ್ಟೇಷನ್‌ನಲ್ಲಿ ಡಿಪಾಸಿಟ್.

ಈ ಸಲ ತಾತ ಅಂದ್ರು, "ನನಗೆ ಎಪ್ಪತ್ತು ದಾಟ್ತು. ಲೈಸೆನ್ಸ್ ನಿನ್ನ ಹೆಸರಿಗೆ ಮಾಡಿಸ್ಕೋ." 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ವಾರಸುದಾರರು ಹಾಗೆ ಅರ್ಜಿ ಹಾಕಬಹುದು.

ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳು. 1968ರ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿಐಡಿ 999 ಆಗಿದ್ದನ್ನ ನೋಡಿ ಬೆಳೆದ ಮನೆ ನಮ್ದು. ಯಂತ್ರವೂ ಅಷ್ಟೇ ಚೆಂದ. ತೋಟಾ, ಅಂದ್ರೆ ಕಾರ್ಟ್ರಿಜ್, ತಳದಲ್ಲಿ ಒಂದು ಅಂಚು ಇರುತ್ತೆ. ಅದು ಒಳಗೆ ಜಾರದಂತೆ ತಡೆಯೋದೂ ಆ ಅಂಚೇ, ಖಾಲಿಯಾದ್ಮೇಲೆ ಹೊರಗೆ ಎತ್ತೋಕೆ ಸಿಗೋದೂ ಆ ಅಂಚೇ. ಒಂದು ತೋಟಾ ಸಿಡಿಯದಿದ್ರೆ ಪಿಸ್ತೂಲಿನಲ್ಲಿ ಸ್ಲೈಡ್ ಎಳೀಬೇಕು. ಇಲ್ಲಿ ಟ್ರಿಗರ್ ಮತ್ತೊಮ್ಮೆ ಒತ್ತಿದ್ರೆ ಮುಂದಿನದು ಬಂದು ನಿಲ್ಲುತ್ತೆ.

.32 ಯಾಕೆ? ಬ್ರಿಟಿಷ್ ಸೈನ್ಯದ ವೆಬ್ಲಿ ರಿವಾಲ್ವರ್‌ಗೆ .455 ತೋಟಾ, ಆಮೇಲೆ .380 ಬಂತು. ಎರಡೂ ನಮ್ಮಲ್ಲಿ ನಿಷೇಧಿತ ಬೋರ್. ಹಾಗಾಗಿ ಸಾಮಾನ್ಯರ ಕೈಗೆ ಸಿಕ್ಕಿದ್ದು .32. ಆ ತೋಟಾ 1896ರಷ್ಟು ಹಳೇದು, ಅಮೆರಿಕದ ಸ್ಮಿತ್ ಆಂಡ್ ವೆಸನ್ ಕಂಪನಿಯದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ಈಗ್ಲೂ ವೆಬ್ಲಿ ತರಾನೇ ಮಡಚಿ ತೆರೆಯುತ್ತೆ, ಆರೂ ಖಾಲಿ ತೋಟಾ ಒಟ್ಟಿಗೆ ಮೇಲೆದ್ದು ಬರ್ತವೆ.

ಕೊನೆಗೆ ಕೇಳಿದೆ, "ತಾತ, ಎಷ್ಟು ಸಲ ಹಾರಿಸಿದ್ದೀರಿ?"

"ಒಂದ್ಸಲಾನೂ ಇಲ್ಲ."

"ಮತ್ತೆ ಯಾಕಿಟ್ಕೊಂಡ್ರಿ?"

"ಐತೆ ಅಂತ ನಾಲ್ಕು ಜನಕ್ಕೆ ಗೊತ್ತಿದ್ರೆ ಸಾಕು."

ನನಗೆ ಅಲ್ಲೇ ಉತ್ತರ ಸಿಕ್ತು. ಈ ಯಂತ್ರದ ಮೇಲೆ ನನಗೆ ಪ್ರೀತಿ ಇದೆ, ಆದ್ರೆ ನಾಲ್ಕು ಜನ ನನಗೆ ಹೆದರಬೇಕು ಅನ್ನೋ ಆಸೆ ಇಲ್ಲ. ಮದುವೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದ್ರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂಥ ಕಾನೂನು ಬೇಕಾಯ್ತು ಅಂದ್ರೆನೇ ಗತ್ತು ಎಲ್ಲಿಗೆ ಮುಟ್ಟಿದೆ ಅಂತ ಗೊತ್ತಾಗುತ್ತೆ.

"ಬೇಡ ತಾತ" ಅಂದೆ. ಎರಡು ದಿನ ಮಾತು ಬಿಟ್ಟಿದ್ರು. ಮೂರನೇ ದಿನ ಅವರೇ ಕೇಳಿದ್ರು, "ಸ್ಟೇಷನ್‌ಗೆ ಒಪ್ಪಿಸೋಕೆ ಏನೇನು ಕಾಗದ ಬೇಕಂತೆ?"

ನಿಮ್ಮನೆ ಬೀರುವಿನಲ್ಲೂ ಒಂದಿದ್ರೆ, ಲೈಸೆನ್ಸ್ ತಾರೀಖು ಇವತ್ತೇ ನೋಡಿ. ಮುಂದಿನ ವಾರ ಸಿಗೋಣ.