ಕೊಡಲಿ ಇಲ್ಲದ ಪೆಟ್ಟಿಗೆ
(ಚಿತ್ರ ಪ್ರದರ್ಶನದ ನಂತರ ಮಾಡಿದ ಭಾಷಣ)



ಈಗತಾನೆ ನೀವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿರಿ. ನಾನೂ ನಕ್ಕೆ. ಆದರೆ ಸಮಿತಿಗಳಲ್ಲಿ ಕುಳಿತು ಪಳಗಿದ ನನ್ನಂಥವನಿಗೆ ನಡುನಡುವೆ ನಗು ಗಂಟಲಲ್ಲೇ ನಿಂತಿತು.

ಮಿಲೋಶ್ ಫೋರ್ಮನ್ ಎಂಬಾತ 1967ರಲ್ಲಿ, ಅಂದಿನ ಚೆಕೊಸ್ಲೊವಾಕಿಯದಲ್ಲಿ ತೆಗೆದ ಚಿತ್ರವಿದು. ಇಂಗ್ಲಿಷಿನವರು ‘ದಿ ಫೈರ್‌ಮೆನ್ಸ್ ಬಾಲ್’ ಎಂದು ಕರೆದರು. ಒಂದು ಸಣ್ಣ ಊರಿನಲ್ಲಿ ಅಗ್ನಿಶಾಮಕ ದಳದವರ ನಿಜವಾದ ಸಂತೋಷಕೂಟವನ್ನು ಕಂಡು ಅವನಿಗೆ ಕಥೆ ಹೊಳೆಯಿತು. ಪಾತ್ರಧಾರಿಗಳಲ್ಲಿ ಬಹುಮಂದಿ ಕಸಬಿನ ನಟರಲ್ಲ. ಅದಕ್ಕೇ ಆ ಮುಖಗಳು ನಮ್ಮ ಪೇಟೆಯಲ್ಲಿ ಕಂಡ ಮುಖಗಳಂತಿವೆ.

ಮೊದಲು ಸಮಿತಿಯ ಸಭೆ. 86 ವರ್ಷದ ಮಾಜಿ ಅಧ್ಯಕ್ಷರಿಗೆ ಪುಟ್ಟ ಕೊಡಲಿಯೊಂದನ್ನು ಕಾಣಿಕೆ ಕೊಡಬೇಕು. ಅವರಿಗೆ ಕ್ಯಾನ್ಸರ್. ಸಮಿತಿಗೆಲ್ಲ ಅದು ಗೊತ್ತು, ರೋಗಿಗೆ ಗೊತ್ತಿಲ್ಲ! ಮುಂದೆ ದಳದ ಸ್ವಂತ ಅಲಂಕಾರಕ್ಕೇ ಬೆಂಕಿ. ಆರಿಸುವ ಉಪಕರಣ ಕೆಲಸ ಮಾಡದು. ಸುಂದರಿಯರ ಸ್ಪರ್ಧೆಯ ಭಾಗ ನನಗೆ ತುಸು ಉದ್ದವೆನಿಸಿತು. ಹುಡುಗಿಯರು ಓಡಿಹೋದದ್ದೇ ಸರಿ.

ಆಮೇಲೆ ನಿಜವಾದ ಬೆಂಕಿ. ಮುದುಕನೊಬ್ಬನ ಮನೆ ಉರಿಯುತ್ತಿದೆ, ಬಂಡಿ ಹಿಮದಲ್ಲಿ ಹೂತಿದೆ, ಸಲಿಕೆಯಿಂದ ಹಿಮ ಎರಚುತ್ತಿದ್ದಾರೆ. ಮುದುಕನಿಗೆ ಚಳಿಯಾದೀತೆಂದು ಅವನ ಕುರ್ಚಿಯನ್ನು ಉರಿಯುವ ಮನೆಯ ಹತ್ತಿರಕ್ಕೆ ಸರಿಸುತ್ತಾರೆ. ಜನ ಕೆಟ್ಟವರಲ್ಲ, ನೋಡಿ. ಮರುಗಿ ತಮ್ಮ ಲಾಟರಿ ಟಿಕೆಟುಗಳನ್ನೆಲ್ಲ ಅವನಿಗೆ ಕೊಡುತ್ತಾರೆ. ಅವನಿಗೆ ಬೇಕಾದ್ದು ಹಣ. ಒಮ್ಮೆ ಗುಡಿಸಲು ಸುಟ್ಟುಹೋದವರಿಗಾಗಿ ಸಭೆ ಸೇರಿದ ನಾವು, ಮನವಿಯ ಒಕ್ಕಣೆ ಹೇಗಿರಬೇಕೆಂದು ಎರಡು ತಾಸು ವಾದಿಸಿದೆವು. ಕಂಬಳಿಯ ನೆನಪಾದದ್ದು ಕೊನೆಗೆ. ಆ ಠರಾವಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಟಿಕೆಟಿಗೆ ಬಹುಮಾನವಾದರೂ ಎಲ್ಲಿದೆ? ಮೇಜಿನ ಮೇಲಿನದೆಲ್ಲ ಕಳುವಾಗಿದೆ. ದೀಪ ಆರಿಸುತ್ತೇವೆ, ಕದ್ದವರು ಕತ್ತಲಲ್ಲಿ ತಂದಿಡಲಿ ಎಂದು ಸಮಿತಿಯ ಅಪ್ಪಣೆ. ದೀಪ ಹತ್ತಿದಾಗ ಸಿಕ್ಕಿಬಿದ್ದವನು ಒಬ್ಬನೇ: ಹೆಂಡತಿ ಕದ್ದ ಮಾಂಸದ ಗಟ್ಟಿಯನ್ನು ಹಿಂದಕ್ಕಿಡಲು ಬಂದ ಕಾವಲುಗಾರ! ಆಮೇಲೆ ಸಮಿತಿಯಲ್ಲಿ ಚರ್ಚೆ ಯಾವುದರ ಮೇಲೆ? ಅವನು ಏಕೆ ತಂದಿಡಬೇಕಿತ್ತು, ದಳದ ಮಾನ ಹೋಯಿತಲ್ಲ ಎಂಬುದರ ಮೇಲೆ. ಕದ್ದು ಮನೆಗೊಯ್ದವರ ಮಾತೇ ಇಲ್ಲ.

1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಟ್ಯಾಂಕುಗಳು ಆ ದೇಶಕ್ಕೆ ನುಗ್ಗಿದವು. ಬಳಿಕ ಚಿತ್ರಕ್ಕೆ ನಿಷೇಧ ಬಿತ್ತು. ಫೋರ್ಮನ್ ಪರದೇಶದಲ್ಲೇ ಉಳಿದ. ಸಮಾಜವಾದದ ಹೆಸರು ಹೇಳುವ ಸರ್ಕಾರವೊಂದು, ಮಾಂಸದ ಗಟ್ಟಿ ತಂದಿಟ್ಟವನನ್ನು ಆ ಸಮಿತಿ ನಡೆಸಿಕೊಂಡಂತೆಯೇ ಇವನನ್ನೂ ನಡೆಸಿಕೊಂಡಿತು. ಇದು ದುಡಿಯುವವರನ್ನು ಹೀಯಾಳಿಸುವ ಚಿತ್ರವೆಂಬ ಮಾತನ್ನು ನಾನು ಒಪ್ಪಲಾರೆ.

ಕಡೆಗೆ ಮಾಜಿ ಅಧ್ಯಕ್ಷರ ಕೈಗೆ ಪೆಟ್ಟಿಗೆ ಬರುತ್ತದೆ. ಜನ ಆಗಲೇ ಮನೆಗೆ ಹೋಗಿದ್ದಾರೆ. ಆ ಹಿರಿಯರು ಎಷ್ಟು ಮರ್ಯಾದೆಯಿಂದ ವಂದನೆ ಹೇಳುತ್ತಾರೆ! ಕೊಡಲಿಯೂ ಕಳುವಾಗಿದೆ. ಹೊರಗೆ, ಮನೆ ಕಳೆದುಕೊಂಡ ಮುದುಕ ಬಯಲಲ್ಲಿಟ್ಟ ತನ್ನ ಮಂಚಕ್ಕೆ ಬರುತ್ತಾನೆ. ಸಾಮಾನು ಕಾಯಲು ಬಿಟ್ಟವನು ಅದರಲ್ಲಿ ಆಗಲೇ ಮಲಗಿದ್ದಾನೆ. ಮುದುಕ ಇನ್ನೊಂದು ಮಗ್ಗುಲಿಗೆ ಹತ್ತಿ ಹೊದೆದುಕೊಳ್ಳುತ್ತಾನೆ. ಹೊದಿಕೆಯ ಮೇಲೆ ಹಿಮ ಬೀಳುತ್ತಿರುತ್ತದೆ.