ಸರ್ಪಸುತ್ತು ಮತ್ತು ಕಳ್ಳಚೀಟಿ

(ಮುಳ್ಳೇರಿಯದಲ್ಲಿ ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟದಲ್ಲಿ ಬೋನಸ್ಸಿನ ಮಾತಾಯಿತು. ಈ ಸಲ ಮೈಮೇಲೆ ಏಳುವ ಗುಳ್ಳೆಯ ಮಾತು. ನಗಬೇಡಿರಿ. ಗುಳ್ಳೆಯಿಂದಾಗಿ ತಿಂಗಳುಗಟ್ಟಲೆ ಕೂಲಿ ಕಳಕೊಂಡವರು ನಮ್ಮ ನಡುವೆಯೇ ಇದ್ದಾರೆ.

ನಮ್ಮ ಪೈಕಿ ಒಬ್ಬ ಅಣ್ಣನವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಪ್ರಾಯ ಐವತ್ತು ದಾಟಿದೆ. ಎರಡು ವರ್ಷದ ಹಿಂದೆ ಅವರ ಎಡಪಕ್ಕೆಯಲ್ಲಿ ಉರಿ ಶುರುವಾಯಿತು. ಶೀಟು ಮಾಡುವಾಗ ಆಸಿಡ್ ಹಾರಿರಬೇಕೆಂದು ಸುಮ್ಮನಾದರು. ಮತ್ತೆರಡು ದಿನಕ್ಕೆ ಬೆನ್ನಿನಿಂದ ಎದೆಯವರೆಗೆ ಪಟ್ಟಿಯಂತೆ ನೀರ್ಗುಳ್ಳೆಗಳೆದ್ದವು. ನೆರೆಯವರು ಸರ್ಪಸುತ್ತು ಎಂದರು, ಕೆಮ್ಮಣ್ಣು ಹಚ್ಚಿದರು. ಹಾವಿನ ತಲೆಯೂ ಬಾಲವೂ ಸೇರಿದರೆ ಜೀವ ಉಳಿಯದೆಂದು ಯಾರೋ ಹೇಳಿದ್ದರಿಂದ ಮನೆಯವರು ರಾತ್ರಿಯಿಡೀ ದೀಪ ಹಿಡಿದು ಆ ಪಟ್ಟಿಯನ್ನೇ ನೋಡುತ್ತ ಕುಳಿತರಂತೆ. ಇಷ್ಟಾದರೂ ಅಣ್ಣನವರು ಕೆಲಸ ಬಿಡಲಿಲ್ಲ. ಬಿಟ್ಟರೆ ಹಾಜರಿ ಹೋಗುತ್ತದಲ್ಲ! ಆಸ್ಪತ್ರೆಗೆ ಹೋದದ್ದು ಎಂಟನೆಯ ದಿನ, ಗುಳ್ಳೆಗಳು ಕೀವಾದ ಮೇಲೆ. ಮೂರು ದಿನದೊಳಗೆ ಬರಬೇಕಿತ್ತು ಎಂದರು ಡಾಕ್ಟರರು.

ಈ ಮೂರು ದಿನದ ಲೆಕ್ಕ ಯಾಕೆ? ಅದನ್ನು ತಿಳಿಯಲು ನಾವು ಹಲವರನ್ನು ಕೇಳಿದೆವು, ಸಿಕ್ಕಿದ್ದನ್ನು ಓದಿದೆವು. ನಾವು ಎಸ್.ಎಸ್.ಎಲ್.ಸಿ. ಮಾತ್ರ ಕಲಿತವರು. ನಮಗೆ ತಿಳಿದದ್ದು ನಿಮಗೆ ತಿಳಿಯದೆ ಇರದು.

ಸರ್ಪಸುತ್ತು ಹೊರಗಿನಿಂದ ಬರುವ ಹೊಸ ಕಾಯಿಲೆಯಲ್ಲ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬರುತ್ತದಲ್ಲ, ಸೀತಾಳೆ ಸಿಡುಬು, ಅದರ ವೈರಸ್ಸೇ ಇದು. ಸಿಡುಬು ವಾಸಿಯಾದರೂ ವೈರಸ್ಸು ಊರು ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆ, ನಲ್ವತ್ತು ಐವತ್ತು ವರ್ಷವಾದರೂ ಸರಿ. ಪ್ರಾಯ ಸಂದು ಮೈಯ ಶಕ್ತಿ ಇಳಿದಾಗ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದು ಬದಿಗೆ ಮಾತ್ರ ಹೋಗುವುದರಿಂದ ಗುಳ್ಳೆಯೂ ಒಂದೇ ಬದಿಗೆ ಪಟ್ಟಿಯಾಗಿ ಏಳುತ್ತದೆ. ತಲೆ ಬಾಲ ಸೇರುವ ಭಯ ಬೇಡ.

ನಾಗನ ಮುನಿಸು ಎನ್ನುವ ನೆರೆಯವರನ್ನು ಹೀಯಾಳಿಸಲು ನಾವು ನಿಂತಿಲ್ಲ. ನಮ್ಮ ಸಭೆಯಲ್ಲೇ ಇದು ಪಾಪದ ಫಲ ಎಂದು ಪಿಸುಗುಟ್ಟಿದವರುಂಟು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಗೆ ಕರ್ತನು ಕೊಟ್ಟ ಉತ್ತರವನ್ನು ಅವರು ಯೋಹಾನನ ಸುವಾರ್ತೆಯಲ್ಲಿ ಇನ್ನೊಮ್ಮೆ ಓದಲಿ.

ಇಷ್ಟು ವರ್ಷ ಮೈಯ ಕಾವಲುಗಾರರ ಕಣ್ಣಿಗೆ ಬೀಳದೆ ವೈರಸ್ಸು ಹೇಗೆ ಅಡಗಿರುತ್ತದೆ? ಕಥೆಯ ಸ್ವಾರಸ್ಯ ಇರುವುದು ಇಲ್ಲಿ. ನಮ್ಮ ಮೈಯ ಒಂದೊಂದು ಕೋಶವೂ ಒಂದು ಎಸ್ಟೇಟು ಎಂದು ತಿಳಿಯಿರಿ. ಆಫೀಸಿನಲ್ಲಿ ಸುಮಾರು 20,000 ವಂಶವಾಹಿಗಳ ಪುಸ್ತಕ ಉಂಟು. ಪುಸ್ತಕ ಹೊರಗೆ ಬರುವುದಿಲ್ಲ. ಬೇಕಾದ ಸಾಲನ್ನು ಚೀಟಿಯಲ್ಲಿ ಬರೆದು ಮೇಸ್ತ್ರಿಗೆ ಕಳುಹಿಸುತ್ತಾರೆ. ಚೀಟಿಯಂತೆ ಕೆಲಸ. ಬೇಡವಾದ ಚೀಟಿಯನ್ನು ತಡೆಯಲು ಇನ್ನೊಂದು ತುಂಡುಚೀಟಿ ಉಂಟು, ಬರೇ 22 ಅಕ್ಷರದ್ದು. ಅದು ಹೋಗಿ ದೊಡ್ಡ ಚೀಟಿಗೆ ಅಂಟಿಕೊಂಡರೆ ಮೇಸ್ತ್ರಿಗೆ ಓದಲಾಗದು, ಕೆಲಸ ನಿಲ್ಲುತ್ತದೆ. ಇದಕ್ಕೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇದನ್ನು 1993ರಲ್ಲಿ ಒಂದು ಮಿಲಿಮೀಟರು ಉದ್ದದ ಹುಳದಲ್ಲಿ ತೋರಿಸಿದರು. 2024ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಹುಳದ ವಿಷಯವೆಂದು ಬಹಳ ವರ್ಷ ಯಾರೂ ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

ವೈರಸ್ಸುಗಳೂ ಇಂಥ ತುಂಡುಚೀಟಿ ಬರೆಯುತ್ತವೆಂದು 2004ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದರು. ಕಳ್ಳಚೀಟಿ! ಅದೂ ನಮ್ಮದೇ ಆಫೀಸಿನ ಕತ್ತರಿಯಲ್ಲಿ ಕತ್ತರಿಸಿ, ನಮ್ಮದೇ ಲಿಪಿಯಲ್ಲಿ. ಆದುದರಿಂದ ಕಾವಲುಗಾರರಿಗೆ ಅದು ಪರಕೀಯ ಎಂದು ತೋರುವುದೇ ಇಲ್ಲ. ವೈರಸ್ಸು ಹೊಕ್ಕ ಕೋಶ ಸಾಮಾನ್ಯವಾಗಿ ಹೊರಗೆ ಒಂದು ಕೆಂಪು ಬಾವುಟ ಏರಿಸುತ್ತದೆ. ಅದನ್ನು ಕಂಡು ಕೊಲ್ಲುವ ಕಣಗಳು ಬರುತ್ತವೆ. ಸೈಟೋಮೆಗಾಲೋ ಎಂಬ ವೈರಸ್ಸು ಆ ಬಾವುಟದ ಚೀಟಿಯನ್ನೇ ತಡೆಯುತ್ತದೆಂದು 2007ರಲ್ಲಿ ಜೆರುಸಲೇಮಿನ ಸಂಶೋಧಕರು ತೋರಿಸಿದರು. ಜ್ವರ ಬಂದಾಗ ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ವೈರಸ್ಸಿನದ್ದು ಇನ್ನೊಂದು ಉಪಾಯ. ನರದಲ್ಲಿ ಅಡಗಿರುವಾಗ ಅದು ತನ್ನದೇ ವಂಶವಾಹಿಯ ಬಾಯಿ ಕಟ್ಟಲು ತುಂಡುಚೀಟಿ ಬರೆಯುತ್ತದೆ. ಸದ್ದು ಮಾಡಿದರೆ ಸಿಕ್ಕಿಬೀಳುತ್ತದೆಂದು ಅದಕ್ಕೆ ಗೊತ್ತು. ಇವೆಲ್ಲ ಸರ್ಪಸುತ್ತಿನ ವೈರಸ್ಸಿನ ದಾಯಾದಿಗಳು, ಒಂದೇ ಹರ್ಪಿಸ್ ಕುಟುಂಬ. ಕಳ್ಳಚೀಟಿಯ ವಿದ್ಯೆಯನ್ನು ಸ್ಪಷ್ಟವಾಗಿ ಓದಿದ್ದು ಈ ದಾಯಾದಿಗಳಲ್ಲಿ ಎಂಬುದನ್ನು ಮರೆಮಾಡದೆ ಹೇಳುತ್ತೇವೆ.

ಇನ್ನು ಚರ್ಮದ ವಿಷಯ. ನಮ್ಮ ಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ವಾಸವಾಗಿವೆ. ಎಷ್ಟು ತಿಕ್ಕಿ ತೊಳೆದರೂ ಹೋಗವು, ಹೋಗಬೇಕಾಗಿಯೂ ಇಲ್ಲ. ಅವುಗಳಲ್ಲಿ ಒಳ್ಳೆಯ ಒಕ್ಕಲುಗಳೇ ಹೆಚ್ಚು. ಎಪಿಡರ್ಮಿಡಿಸ್ ಎಂಬ ಜಾತಿಯ ಕೆಲವು ತಳಿಗಳು ಮೂಗಿನೊಳಗೆ ಒಂದು ರಸ ಬಿಟ್ಟು, ಕೀವು ಮಾಡುವ ಆರಿಯಸ್ ಎಂಬ ದುಷ್ಟ ಜಾತಿಗೆ ನೆಲೆಯೂರಲು ಬಿಡುವುದಿಲ್ಲವೆಂದು 2010ರಲ್ಲಿ ಜಪಾನಿನವರು ಕಂಡರು. ಚರ್ಮದ ಕೋಶಗಳೂ ತಮ್ಮ ವಂಶವಾಹಿಯ ಚೀಟಿಯಂತೆ ಕ್ರಿಮಿನಾಶಕ ರಸ ಮಾಡುತ್ತವೆ. ವೈರಸ್ಸಿನ ಗುಳ್ಳೆ ಒಡೆದರೆ ಈ ಬೇಲಿಯೇ ಮುರಿದಂತೆ. ಆರಿಯಸ್ ಒಳನುಗ್ಗುತ್ತದೆ. ಉಗುರಿನಿಂದ ಕೆರೆದರೆ, ಮಣ್ಣು ಮೆತ್ತಿದರೆ ನಾವೇ ಅದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಅಣ್ಣನವರ ಕೀವು ಬಂದದ್ದು ಹೀಗೆ.

ಈಗ ಮೂರು ದಿನದ ಮಾತಿಗೆ ಬರೋಣ. ಅಸೈಕ್ಲೋವಿರ್ ಎಂಬ ಗುಳಿಗೆ ಉಂಟು. ಅದು ವೈರಸ್ಸು ತನ್ನ ಪ್ರತಿ ಬರೆದುಕೊಳ್ಳುವುದನ್ನು ತಡೆಯುತ್ತದೆ. ಅಡಗಿ ಮಲಗಿರುವ ವೈರಸ್ಸನ್ನು ಅದು ಮುಟ್ಟದು. ಗುಳ್ಳೆ ಎದ್ದು 72 ಗಂಟೆಯೊಳಗೆ ಸುರುಮಾಡಿದರೆ ಫಲ ಹೆಚ್ಚು. ಆಮೇಲೆ ವೈರಸ್ಸು ಮಾಡುವಷ್ಟನ್ನು ಮಾಡಿ ಮುಗಿಸಿರುತ್ತದೆ. ದಿನಕ್ಕೆ 5 ಸಲ ನುಂಗಬೇಕು, ಟ್ಯಾಪಿಂಗಿಗೆ ಹೋಗುವಾಗ ಗುಳಿಗೆ ಕಿಸೆಯಲ್ಲೇ ಇರಲಿ. ಹಣೆ, ಮೂಗು, ಕಣ್ಣಿನ ಸುತ್ತ ಎದ್ದರೆ ಒಂದು ದಿನವೂ ಕಾಯಬಾರದು, ದೃಷ್ಟಿಗೇ ಅಪಾಯ.

ನೆರೆಯವರಿಗೂ ಒಂದು ಮಾತು. ಗುಳ್ಳೆಯ ನೀರು ತಾಗಿದರೆ, ಸಿಡುಬು ಬಾರದವರಿಗೆ ಸಿಡುಬು ಬರಬಹುದು. ಸಿಡುಬು ಬಾರದ ಗರ್ಭಿಣಿಯರೂ ಎಳೆಮಕ್ಕಳೂ ದೂರ ಇರಲಿ. ಗುಳ್ಳೆ ಒಣಗಿ ಹೊಪ್ಪಳಿಕೆಯಾಗುವ ತನಕ ಬಟ್ಟೆ ಮುಚ್ಚಿಕೊಂಡರೆ ಸಾಕು. ಅದಕ್ಕಾಗಿ ಒಂದು ಮನೆಗೆ ಬಾವಿಯ ನೀರು ತಪ್ಪಿಸುವುದು ಎಲ್ಲಿಯ ನ್ಯಾಯ?

ಮೇಸ್ತ್ರಿಗಳ ಹತ್ತಿರ ಯೂನಿಯನಿನವರಾಗಿ ನಾವು ಮಾತಾಡಿದ್ದೇವೆ. ಪಟ್ಟಿಯಂತೆ ಗುಳ್ಳೆ ಎದ್ದವರನ್ನು ಅಂದೇ ಆಸ್ಪತ್ರೆಗೆ ಬಿಡಬೇಕು, ಆ ದಿನದ ಹಾಜರಿ ಕಡಿಯಬಾರದು ಎಂಬುದು ನಮ್ಮ ಬೇಡಿಕೆ. ನೋಡೋಣ ಎಂದಿದ್ದಾರೆ. ಬರವಣಿಗೆಯಲ್ಲಿ ಕೊಡಿ ಎಂದು ಇನ್ನೊಮ್ಮೆ ಹೋಗಲಿಕ್ಕುಂಟು, ಬರುವವರು ಹೆಸರು ಹೇಳಿರಿ. ಅಣ್ಣನವರು ತಾವೂ ಬರುತ್ತೇನೆ ಎಂದಿದ್ದಾರೆ. ಅವರ ಗಾಯ ಮಾಗಿದೆ. ನರದ ಉರಿ ಮಾತ್ರ ಹೋಗಿಲ್ಲ. ಅಂಗಿ ತಾಗಿದರೆ ಸಹಿಸಲಾಗುವುದಿಲ್ಲವೆಂದು ಎಡಪಕ್ಕೆಗೆ ಹಳೆಯ ಮೆತ್ತನೆಯ ಪಂಚೆ ಸುತ್ತಿಕೊಂಡು ಬೆಳಿಗ್ಗೆ ನಾಲ್ಕಕ್ಕೆ ತೋಟಕ್ಕೆ ಹೊರಡುತ್ತಾರೆ.